ಲಾಡ್ಜ್‌ಗಾಗಿ ವರ್ಷಗಟ್ಟಲೆ ದುಡಿದವರಿಗೆ ಸನ್ಮಾನ: ಆಯ್ಕೆ, ಖರ್ಚು, ತೆರಿಗೆ ಹೇಗೆ ನಿಭಾಯಿಸುವುದು?

ಹೊಸ_ಕಾರ್ಯದರ್ಶಿ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಫ್ರಟರ್ನಲ್ ಬೆನಿಫಿಟ್ ಸೊಸೈಟಿಯ (ಸದಸ್ಯರಿಗೆ ವಿಮೆ ಕೊಡುವ, ಪರಸ್ಪರ ನೆರವಾಗುವ ಸಂಘ) ಸ್ಥಳೀಯ ಲಾಡ್ಜ್‌ನ, ಅಂದರೆ ಶಾಖೆಯ, ವಿಚಾರ ಇದು. ಸುಮಾರು 140 ಸದಸ್ಯರು, ತಿಂಗಳ ಸಭೆಗೆ ಬರುವವರು 20–25 ಮಂದಿ. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಪ್ತಾಹ ಬರುತ್ತದಲ್ಲ, ಆಗ ಮೂವರನ್ನು ಗೌರವಿಸಬೇಕೆಂದು ಸಮಿತಿ ಯೋಚಿಸಿದೆ. ಒಬ್ಬರು ಬಡವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ವಾರವಾರವೂ ಸಾಮಾನು ಸಾಗಿಸುತ್ತಾರೆ. ಇನ್ನೊಬ್ಬರು ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡಿಕೊಳ್ಳುತ್ತಾರೆ. ಮತ್ತೊಬ್ಬರು ಹಾಸಿಗೆ ಹಿಡಿದ ಹಿರಿಯ ಸದಸ್ಯರ ಮನೆಗೆ ಹೋಗಿ ಬರುತ್ತಾರೆ.

ಬಜೆಟ್ 600 ಡಾಲರ್. ಸಭೆಯಲ್ಲಿ ಮೂರು ಸಲಹೆ ಬಂದಿವೆ: ತಲಾ 100 ಡಾಲರಿನ ಗಿಫ್ಟ್ ಕಾರ್ಡ್, ಒಬ್ಬರಿಗೆ ‘ಆಜೀವ ಗೌರವ ಅಧ್ಯಕ್ಷ’ ಪಟ್ಟ, ಮೂವರಿಗೂ ಒಂದು ವರ್ಷದ ಪ್ರೀಮಿಯಂ ಮನ್ನಾ. ಇವುಗಳಲ್ಲಿ ಯಾವುದು ಸರಿ, ಯಾವುದರಿಂದ ತೊಂದರೆ? ಈ ವರ್ಷ ಮೂವರ ಹೆಸರನ್ನು ಬಾಯಿಮಾತಿನಲ್ಲೇ ತೀರ್ಮಾನಿಸಿದ್ದಾರೆ. ಮುಂದಿನ ವರ್ಷದಿಂದಲಾದರೂ ಒಂದು ಕ್ರಮ ಇರಲಿ ಅನ್ನಿಸುತ್ತದೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಹಳೇ_ಕಡತ:

ಫಲಕದ ಅಂಗಡಿಗೆ ಫೋನ್ ಮಾಡುವ ಮೊದಲು ದಾಖಲೆ ಕೂಡಿಸಿಕೊಳ್ಳಿ. ಸನ್ಮಾನ ಸಪ್ಪೆಯಾಗುವುದು ಹಣ ಸಾಲದೆ ಅಲ್ಲ, ಹೇಳಲು ವಿವರ ಸಾಲದೆ. “ಇವರು ನಿಸ್ವಾರ್ಥ ಸೇವೆ ಸಲ್ಲಿಸಿದ್ದಾರೆ” ಎಂಬ ಸಾಲನ್ನು ಯಾರ ಮೇಲೆ ಬೇಕಾದರೂ ಬರೆಯಬಹುದು. ಕೇಳುವವರಿಗೂ ಅದು ಗೊತ್ತಾಗುತ್ತದೆ.

ಈ ಸೊಸೈಟಿಗಳಲ್ಲಿ ಸ್ವಯಂಸೇವಕರ ಸ್ಥಾನ ಬರೀ ಅಲಂಕಾರಕ್ಕೆ ಇರುವುದಲ್ಲ ಎಂಬುದನ್ನು ಸಮಿತಿಯವರಿಗೆ ಮೊದಲು ತಿಳಿಸಿ. ಅಮೆರಿಕದ ಆದಾಯ ತೆರಿಗೆ ಕಾನೂನಿನ 501(ಸಿ)(8) ವಿಧಿಯಡಿ ವಿನಾಯಿತಿ ಸಿಗಬೇಕಾದರೆ ಎರಡು ಗುಣ ಇರಬೇಕು: ಸದಸ್ಯರಿಗೆ ಅಥವಾ ಅವರ ಅವಲಂಬಿತರಿಗೆ ಜೀವವಿಮೆ, ಕಾಯಿಲೆ, ಅಪಘಾತದಂಥ ಪರಿಹಾರ ಕೊಡಬೇಕು, ಮತ್ತು ಲಾಡ್ಜ್ ಪದ್ಧತಿಯಲ್ಲಿ ನಡೆಯಬೇಕು. ಕೇಂದ್ರ ಸಂಸ್ಥೆಯ ಕೆಳಗೆ ಜೀವಂತವಾಗಿ ಕೆಲಸ ಮಾಡುವ ಸ್ಥಳೀಯ ಶಾಖೆಗಳಿದ್ದರೆ ಅದು ಲಾಡ್ಜ್ ಪದ್ಧತಿ. ಹಲವು ರಾಜ್ಯಗಳು ಮಾದರಿಯಾಗಿ ಇಟ್ಟುಕೊಂಡ ಫ್ರಟರ್ನಲ್ ಕೋಡ್‌ನಲ್ಲಿ (ಇಂಥ ಸೊಸೈಟಿಗಳ ಕಾನೂನು) ಸ್ಥಳೀಯ ಲಾಡ್ಜ್ ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕೆಂಬ ಷರತ್ತೂ ಇದೆ. ಸಭಾಂಗಣದ ಬೀಗ ತೆಗೆಯುವವರು, ನಡಾವಳಿ ಬರೆಯುವವರು, ಫುಡ್ ಬ್ಯಾಂಕಿಗೆ ಸಾಮಾನು ಹೊರುವವರು ಇಲ್ಲವಾದರೆ ಉಳಿಯುವುದು ವಿಮಾ ಕಂಪನಿ ಮಾತ್ರ. 1868ರಲ್ಲಿ ನಿಮ್ಮದೇ ರಾಜ್ಯದ ಮೀಡ್‌ವಿಲ್‌ನಲ್ಲಿ ಜಾನ್ ಅಪ್‌ಚರ್ಚ್ ‘ಏನ್ಷಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್’ ಎಂಬ ಇಂಥ ಸಂಘ ಕಟ್ಟಿದ ಕಾಲದಿಂದಲೂ ಈ ಸಂಘಗಳು ನಿಂತಿರುವುದು ಸದಸ್ಯರು ಸದಸ್ಯರಿಗಾಗಿ ಮಾಡುವ ಕೆಲಸದ ಮೇಲೆ.

ಈಗ ದಾಖಲೆ. ಕಳೆದ ವರ್ಷದ ಲೆಕ್ಕ ಇಟ್ಟಿಲ್ಲವೆಂದರೂ ಬಹುಪಾಲು ಸಿಗುತ್ತದೆ. ತಿಂಗಳ ನಡಾವಳಿ, ಕೇಂದ್ರ ಕಚೇರಿಗೆ ಕಳಿಸಿದ ಚಟುವಟಿಕೆ ವರದಿ, ಮ್ಯಾಚಿಂಗ್ ಗ್ರಾಂಟ್‌ಗೆ (ನೀವು ಕೂಡಿಸಿದ ಹಣಕ್ಕೆ ಸೊಸೈಟಿ ಸೇರಿಸುವ ಪಾಲು) ಹಾಕಿದ ಅರ್ಜಿ, ಖಜಾಂಚಿಯ ಬಳಿ ಇರುವ ಖರ್ಚಿನ ವೋಚರುಗಳು, ಫುಡ್ ಬ್ಯಾಂಕಿನವರ ಸಹಿ ಪುಸ್ತಕ — ಐದನ್ನೂ ಒಟ್ಟಿಗೆ ಹರಡಿಕೊಂಡು ನೋಡಿ. ವೋಚರುಗಳನ್ನು ಮರೆಯಬೇಡಿ. ಪೆಟ್ರೋಲು, ಅಂಚೆಚೀಟಿ, ಕಾಗದದ ಚಿಲ್ಲರೆ ಬಿಲ್ಲುಗಳಲ್ಲಿ ಸದ್ದಿಲ್ಲದೆ ಕೆಲಸ ಮಾಡಿದವರ ಹೆಸರು ಇರುತ್ತದೆ. ಬಿಲ್ಲನ್ನೇ ಕೊಡದೆ ಕೈಯಿಂದ ಖರ್ಚು ಮಾಡುವವರೂ ಇರುತ್ತಾರೆ. ಅವರನ್ನು ಹುಡುಕಬೇಕಾದರೆ ಕೆಲಸ ಪಡೆದವರನ್ನೇ ಕೇಳಬೇಕು: ಮನೆಗೆ ಭೇಟಿ ಕೊಡುತ್ತಿದ್ದದ್ದು ಯಾರು, ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಯಾರು ಅಂತ.

ಮುಂದಿನ ವರ್ಷಕ್ಕೆ ಒಂದು ಹಾಳೆ ಸಾಕು. ದಿನಾಂಕ, ಕೆಲಸ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಷ್ಟು ಜನಕ್ಕೆ ಉಪಯೋಗ, ಮೈಲಿ, ದೃಢೀಕರಿಸಿದವರ ಸಹಿ. ಪ್ರತಿ ತಿಂಗಳ ಸಭೆಯಲ್ಲಿ ಹಾಳೆ ಸುತ್ತು ಬರಲಿ. ವರ್ಷದ ಕೊನೆಗೆ ನೆನಪಿನಿಂದ ತುಂಬಿಸಿದರೆ ಮಾತುಗಾರರ ಗಂಟೆ ಹಿಗ್ಗುತ್ತದೆ, ಸಂಕೋಚದವರ ಗಂಟೆ ಕುಗ್ಗುತ್ತದೆ. ಪ್ರಯಾಣದ ಸಮಯ ಸೇರಿಸಬೇಕೋ ಬೇಡವೋ ಎಂಬುದನ್ನು ವರ್ಷದ ಆರಂಭದಲ್ಲೇ ತೀರ್ಮಾನಿಸಿ ಬರೆದಿಡಿ.

ಲೆಕ್ಕಕ್ಕೆ ಬಾರದ ಗಂಟೆಗಳೂ ಇವೆ. ಪಿಕ್‌ನಿಕ್ಕಿಗೆ, ಬೌಲಿಂಗಿಗೆ ಬಂದು ಕೂತದ್ದು ಹಾಜರಾತಿಯಷ್ಟೇ, ಸೇವೆಯಲ್ಲ. ಪಿಕ್‌ನಿಕ್ಕಿನ ವ್ಯವಸ್ಥೆ ಮಾಡಿದ್ದು ಸೇವೆ. ಕಮಿಷನ್ ಮೇಲೆ ವಿಮೆ ಮಾರುವ ಸೊಸೈಟಿಯ ಪ್ರತಿನಿಧಿ ಗ್ರಾಹಕರ ಮನೆಗೆ ಹೋದದ್ದು ಅವರ ಉದ್ಯೋಗ. ಕೆಲವು ಸೊಸೈಟಿಗಳಲ್ಲಿ ಲಾಡ್ಜ್ ಕಾರ್ಯದರ್ಶಿಗೆ ಸಣ್ಣ ಸಂಭಾವನೆ ಇರುತ್ತದೆ. ಆ ಸಂಭಾವನೆಗೆ ಒಳಪಟ್ಟ ಕೆಲಸವನ್ನೂ ಬಿಡಿ. ಹಾಗೆಂದು ಪ್ರತಿನಿಧಿಗೆ, ಕಾರ್ಯದರ್ಶಿಗೆ ಸನ್ಮಾನವೇ ಸಲ್ಲದು ಎಂದಲ್ಲ. ಅವರು ಬೇರೆಯಾಗಿ ಮಾಡಿದ ಕೆಲಸವನ್ನು ಬೇರೆಯಾಗಿಯೇ ಬರೆಯಿರಿ.

ನಾಮನಿರ್ದೇಶನದ ಅರ್ಜಿ ಒಂದೇ ಪುಟ ಇರಲಿ: ಏನು ಮಾಡಿದರು, ಎಷ್ಟು ಕಾಲದಿಂದ, ಯಾರಿಗೆ ಏನು ಬದಲಾಯಿತು, ಅವರಿಂದ ಯಾರ್ಯಾರು ಕೆಲಸಕ್ಕೆ ಇಳಿದರು, ಇದನ್ನು ಖಚಿತಪಡಿಸುವ ಇಬ್ಬರು ಯಾರು. ಜನವರಿ ಸಭೆಯಲ್ಲಿ ಕರೆ ಕೊಟ್ಟು ಆರು ವಾರ ಬಾಗಿಲು ತೆರೆದಿಡಿ. ಸಮಿತಿಯಲ್ಲಿ ಮೂವರು ಅಥವಾ ಐವರು ಇರಲಿ, ಸಮಸಂಖ್ಯೆ ಬೇಡ. ನಾಮನಿರ್ದೇಶಿತರು, ಅವರ ಮನೆಯವರು ಹೊರಗಿರಬೇಕು. ಹಿಂದೆ ಸನ್ಮಾನ ಪಡೆದವರು ಸಮಿತಿಗೆ ಒಳ್ಳೆಯವರು. ಐದು ವರ್ಷ ಅವರಿಗೆ ಮತ್ತೆ ಪ್ರಶಸ್ತಿ ಇಲ್ಲ ಎಂಬ ನಿಯಮ ಇದ್ದರೆ ಅವರಿಗೂ ನಿರಾಳ. 100 ಅಂಕದಲ್ಲಿ ಸಾತತ್ಯಕ್ಕೆ 30, ಪರಿಣಾಮಕ್ಕೆ 30, ಇತರರನ್ನು ಜೊತೆಗೂಡಿಸಿದ್ದಕ್ಕೆ 20, ಯಾರೂ ಒಪ್ಪದ ಅಥವಾ ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ 20 ಎಂದು ಹಂಚಿ. ಪ್ರತಿಯೊಬ್ಬರೂ ಮೊದಲು ಮನೆಯಲ್ಲಿ ಕೂತು ಅಂಕ ಹಾಕಿಕೊಂಡು ಬರಲಿ, ಆಮೇಲೆ ಚರ್ಚೆ. ಮೊದಲೇ ಮಾತಿಗೆ ಕೂತರೆ ದೊಡ್ಡ ದನಿಯವರ ಅಭಿಪ್ರಾಯವೇ ಎಲ್ಲರದ್ದೂ ಆಗಿಬಿಡುತ್ತದೆ.

ಗಂಟೆಗಳ ಹಾಳೆಯಿಂದ ಇನ್ನೊಂದು ಉಪಯೋಗ ಇದೆ. ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ವಾರ್ಷಿಕ ವಿವರ, ಅಂದರೆ ಫಾರ್ಮ್ 990ರ ಮೊದಲ ಭಾಗದ 6ನೇ ಸಾಲಿನಲ್ಲಿ ಸ್ವಯಂಸೇವಕರ ಒಟ್ಟು ಸಂಖ್ಯೆ ಕೇಳುತ್ತಾರೆ. ಆ ಫಾರ್ಮನ್ನು ಸಾಮಾನ್ಯವಾಗಿ ಕೇಂದ್ರ ಕಚೇರಿ ತುಂಬುತ್ತದೆ, ಆದರೆ ಅಂಕಿ ಹೋಗಬೇಕಾದದ್ದು ನಿಮ್ಮಿಂದ. ಲಾಭರಹಿತ ಸಂಸ್ಥೆಗಳ ಒಕ್ಕೂಟವಾದ ಇಂಡಿಪೆಂಡೆಂಟ್ ಸೆಕ್ಟರ್ 2023ರ ಸ್ವಯಂಸೇವೆಯ ಒಂದು ಗಂಟೆಗೆ 33.49 ಡಾಲರ್ ಮೌಲ್ಯ ಕಟ್ಟಿತ್ತು. 200 ಗಂಟೆ ದುಡಿದವರ ಬಗ್ಗೆ “ಸುಮಾರು 6,700 ಡಾಲರಿನ ದುಡಿಮೆ” ಎಂದು ವರದಿಯಲ್ಲಿ ಬರೆಯಬಹುದು. ಆ ಮೊತ್ತವನ್ನು 990ರಲ್ಲಿ ದೇಣಿಗೆಯ ಆದಾಯವೆಂದು ತೋರಿಸಬಾರದು. ದಾನವಾಗಿ ಬಂದ ಸೇವೆಯ ಬೆಲೆ ಅಲ್ಲಿ ಸೇರುವುದಿಲ್ಲ.

ಜಮಾಖರ್ಚು:

ಗಿಫ್ಟ್ ಕಾರ್ಡ್ ಮತ್ತು ಪ್ರೀಮಿಯಂ ಮನ್ನಾ, ಎರಡನ್ನೂ ಕೈಬಿಡಿ. ಕಾರಣ ಬೇರೆ ಬೇರೆ.

ಗಿಫ್ಟ್ ಕಾರ್ಡ್: ತೆರಿಗೆ ಇಲಾಖೆ ಸಣ್ಣಪುಟ್ಟ ಉಡುಗೊರೆಗಳನ್ನು ಆದಾಯದ ಲೆಕ್ಕದಿಂದ ಬಿಡುತ್ತದೆ. ಲೆಕ್ಕ ಇಡುವುದೇ ದಂಡ ಅನ್ನುವಷ್ಟು ಚಿಕ್ಕದಾಗಿರಬೇಕು, ಅಪರೂಪಕ್ಕೆ ಕೊಟ್ಟದ್ದಾಗಿರಬೇಕು. ಹೂಗುಚ್ಛ, ಹಣ್ಣಿನ ಬುಟ್ಟಿ, ಪುಸ್ತಕ, ಫಲಕ, ಒಂದು ಹೊತ್ತಿನ ಊಟ ಇವೆಲ್ಲ ಅದರೊಳಗೆ ಬರುತ್ತವೆ. ನಗದು ಮತ್ತು ನಗದಿನಂತೆ ಬಳಸಬಹುದಾದ ಗಿಫ್ಟ್ ಕಾರ್ಡ್ ಎಷ್ಟೇ ಚಿಕ್ಕದಾದರೂ ಬರುವುದಿಲ್ಲ. 25 ಡಾಲರಿನ ಕಾರ್ಡೂ ಪಡೆದವರ ಆದಾಯವೇ. ಯಾರಿಗೆ ಎಷ್ಟು ಕೊಟ್ಟೆವು ಎಂದು ತೆರಿಗೆ ಇಲಾಖೆಗೆ ತಿಳಿಸುವ 1099 ಫಾರ್ಮ್ ಕೊಡಬೇಕಾದ ಮಿತಿ 2025ರ ಪಾವತಿಗಳವರೆಗೆ ವರ್ಷಕ್ಕೆ 600 ಡಾಲರ್ ಇತ್ತು, 2026ರ ಪಾವತಿಗಳಿಗೆ 2,000 ಡಾಲರ್ ಆಗಿದೆ. ಹಾಗಾಗಿ ನಿಮ್ಮ 100 ಡಾಲರಿಗೆ ಲಾಡ್ಜ್ ಫಾರ್ಮ್ ಕೊಡಬೇಕಿಲ್ಲ. ಇಲ್ಲೇ ಹಲವರು ಎಡವುತ್ತಾರೆ: ಫಾರ್ಮ್ ಬೇಡ ಅಂದಮಾತ್ರಕ್ಕೆ ತೆರಿಗೆ ಇಲ್ಲ ಅಂತ ಅರ್ಥವಲ್ಲ. ಸನ್ಮಾನದ ಜೊತೆ ಹಿರಿಯರ ಕೈಗೆ ಒಂದು ತೆರಿಗೆ ಹೊರೆಯನ್ನೂ ಕೊಟ್ಟು ಕಳಿಸಿದ ಹಾಗಾಗುತ್ತದೆ.

ನೌಕರರಿಗೆ ಸೇವಾ ಪ್ರಶಸ್ತಿಯಾಗಿ 400 ಡಾಲರಿನವರೆಗೆ, ಲಿಖಿತ ಯೋಜನೆ ಇದ್ದರೆ 1,600ರವರೆಗೆ ವಸ್ತು ಕೊಡಬಹುದು ಎಂಬ ನಿಯಮವನ್ನು ಯಾರಾದರೂ ಎತ್ತಿ ತೋರಿಸಬಹುದು. ಅದು ನೌಕರರಿಗೆ ಮಾತ್ರ. ಸ್ವಯಂಸೇವಕರಿಗೆ ಅನ್ವಯಿಸುವುದಿಲ್ಲ.

ಹಣದ ರೂಪದಲ್ಲೇ ಏನಾದರೂ ಮಾಡಬೇಕು ಅನ್ನಿಸಿದರೆ ದಾನ ಮಾಡಿ. ಲಾಡ್ಜ್ ತಾನೇ ಒಂದು ಸಂಸ್ಥೆಯನ್ನು ಆರಿಸಿ ಸ್ವಯಂಸೇವಕರ ಗೌರವಾರ್ಥ ಚೆಕ್ ಬರೆದರೆ ಅವರ ಆದಾಯದ ಪ್ರಶ್ನೆಯೇ ಬರುವುದಿಲ್ಲ. ಯಾವ ಸಂಸ್ಥೆ ಎಂಬುದನ್ನು ಅವರೇ ಹೇಳಲಿ ಅಂದರೆ ತೆರಿಗೆ ಕಾನೂನಿನ 74(ಬಿ) ವಿಧಿಯ ದಾರಿ ಇದೆ. ಅದರ ಷರತ್ತುಗಳು: ಪ್ರಶಸ್ತಿ ಧಾರ್ಮಿಕ, ದತ್ತಿ, ಶೈಕ್ಷಣಿಕ, ನಾಗರಿಕ ಸೇವೆಯಂಥ ಸಾಧನೆಗೆ ಇರಬೇಕು, ಅವರು ತಾವಾಗಿ ಅರ್ಜಿ ಹಾಕಿರಬಾರದು, ಮುಂದೆ ಇಂಥ ಕೆಲಸ ಮಾಡಬೇಕೆಂಬ ಕರಾರು ಇರಬಾರದು, ಹಣ ಅವರ ಕೈ ಮುಟ್ಟದೆ ಲಾಡ್ಜ್‌ನಿಂದ ನೇರವಾಗಿ ಆ ದತ್ತಿ ಸಂಸ್ಥೆಗೆ ಹೋಗಬೇಕು. ಅದನ್ನು ಅವರು ತಮ್ಮ ದಾನವೆಂದು ತೆರಿಗೆಯಲ್ಲಿ ಕಳೆಯುವಂತಿಲ್ಲ. ಈ ದಾರಿ ಹಿಡಿದರೆ ನಿಮ್ಮ ಅರ್ಜಿಯಲ್ಲಿ ಸ್ವ-ನಾಮನಿರ್ದೇಶನಕ್ಕೆ ಅವಕಾಶ ಕೊಡಬೇಡಿ.

ಪ್ರೀಮಿಯಂ ಮನ್ನಾ: ವಿಮೆಯ ಕರಾರು ಸದಸ್ಯರಿಗೂ ಸೊಸೈಟಿಗೂ ನಡುವಿನದು. ಸಾಮಾನ್ಯವಾಗಿ ಸೊಸೈಟಿಯ ನಿಯಮಗಳನ್ನು ಸಡಿಲಿಸುವ ಅಧಿಕಾರ ಸ್ಥಳೀಯ ಲಾಡ್ಜ್‌ಗಾಗಲಿ ಅದರ ಪದಾಧಿಕಾರಿಗಳಿಗಾಗಲಿ ಇಲ್ಲ. ಕೆಲವರಿಗೆ ಮಾತ್ರ ಪ್ರೀಮಿಯಂ ಬಿಟ್ಟುಕೊಟ್ಟರೆ ರಾಜ್ಯದ ವಿಮಾ ಕಾನೂನಿನ ರಿಬೇಟ್ ನಿಷೇಧಕ್ಕೂ (ಪ್ರೀಮಿಯಂನ ಭಾಗವನ್ನು ಬಿಟ್ಟುಕೊಡಬಾರದೆಂಬ ನಿಯಮ) ತಗಲಿಕೊಳ್ಳುತ್ತದೆ. ಲಾಡ್ಜ್ ತಾನೇ ಸಂಗ್ರಹಿಸುವ ಸ್ಥಳೀಯ ಚಂದಾ ಬೇರೆ ವಿಷಯ. ಬೈಲಾ ಒಪ್ಪಿದರೆ ಅದನ್ನು ಮನ್ನಾ ಮಾಡಬಹುದು. ಎರಡೂ ಒಂದೇ ಬಿಲ್ಲಿನಲ್ಲಿ ಬರುತ್ತಿದ್ದರೆ ಮೊದಲು ಬಿಡಿಸಿ ನೋಡಿ.

ಇನ್ನೊಂದು ಮಾತು ಜನ ಗಮನಿಸುವುದೇ ಇಲ್ಲ. 1997ರ ಫೆಡರಲ್ ಸ್ವಯಂಸೇವಕರ ರಕ್ಷಣಾ ಕಾಯ್ದೆ, ಲಾಭರಹಿತ ಸಂಸ್ಥೆಯ ಕೆಲಸದಲ್ಲಿ ಆದ ಸಾಮಾನ್ಯ ಅಜಾಗರೂಕತೆಗೆ ಸ್ವಯಂಸೇವಕರನ್ನು ವೈಯಕ್ತಿಕ ಹೊಣೆಯಿಂದ ಕಾಪಾಡುತ್ತದೆ. ಖರ್ಚಿನ ಮರುಪಾವತಿ ಬಿಟ್ಟು, ಸಂಬಳದ ಬದಲಿಗೆ ವರ್ಷಕ್ಕೆ 500 ಡಾಲರಿಗಿಂತ ಹೆಚ್ಚು ಬೆಲೆಯದ್ದೇನನ್ನಾದರೂ ಪಡೆದವರು ಆ ಕಾಯ್ದೆಯ ಅರ್ಥದಲ್ಲಿ ಸ್ವಯಂಸೇವಕರಲ್ಲ. ವಾಹನ ಅಪಘಾತ ಹೇಗೂ ಅದರ ಹೊರಗೆ. ನಿಮ್ಮ ಲಾಡ್ಜ್‌ಗೆ ಕಾಯ್ದೆ ಎಷ್ಟರಮಟ್ಟಿಗೆ ಅನ್ವಯ ಎಂಬುದನ್ನು ಕೇಂದ್ರ ಕಚೇರಿಯ ವಕೀಲರಿಂದ ತಿಳಿದುಕೊಳ್ಳಿ. ದುಬಾರಿ ಉಡುಗೊರೆ, ಪ್ರವಾಸದ ಟಿಕೆಟ್ ಎಲ್ಲ ಸೇರಿ 500 ದಾಟದಂತೆ ನೋಡಿಕೊಳ್ಳುವುದು ಕ್ಷೇಮ.

600 ಡಾಲರನ್ನು ಹೀಗೆ ಹಂಚಬಹುದು: ಫಲಕಗಳಿಗೆ 240, ಗೌರವಾರ್ಥ ದಾನ ತಲಾ 50ರಂತೆ 150, ಮೂವರು ಮತ್ತು ಅವರ ಜೊತೆ ಬರುವ ಒಬ್ಬೊಬ್ಬರ ಊಟಕ್ಕೆ 150, ಫೋಟೋ ಮತ್ತು ಚೌಕಟ್ಟಿಗೆ 60. ಊಟವನ್ನು ಮರೆಯುವವರು ಬಹಳ. ಸನ್ಮಾನಿತರ ಕೈಯಲ್ಲೇ ಊಟದ ಟಿಕೆಟ್ ಕೊಳ್ಳಿಸಬಾರದು.

ಸಭಾನಿಯಮ:

‘ಆಜೀವ ಗೌರವ ಅಧ್ಯಕ್ಷ’ ಎಂಬುದನ್ನು ಬರೀ ಚಪ್ಪಾಳೆಯಲ್ಲಿ ಕೊಡಲಾಗುವುದಿಲ್ಲ. ನಿಮ್ಮ ಲಾಡ್ಜ್ ರಾಬರ್ಟ್ಸ್ ರೂಲ್ಸ್ (ಸಭೆ ನಡೆಸುವ ನಿಯಮಗಳ ಪುಸ್ತಕ) ಅನುಸರಿಸುತ್ತಿದ್ದರೆ ಗೌರವ ಪದವಿಗೆ ಬೈಲಾದಲ್ಲಿ ಆಧಾರ ಇರಬೇಕು. ಅದು ಹುದ್ದೆಯಲ್ಲ, ಬಿರುದು. ಅದರಿಂದ ಸಭೆಗೆ ಬರುವ, ಮಾತಾಡುವ ಹಕ್ಕು ಸಿಗುತ್ತದೆ; ಮತ ಹಾಕುವ ಹಕ್ಕಾಗಲಿ ಕೆಲಸದ ಹೊಣೆಯಾಗಲಿ ಸಿಗುವುದಿಲ್ಲ. ಅವರು ಈಗಾಗಲೇ ಸದಸ್ಯರಾಗಿದ್ದರೆ ಸದಸ್ಯತ್ವದಿಂದ ಬಂದ ಮತ ಹಾಗೆಯೇ ಇರುತ್ತದೆ. ಬೈಲಾದಲ್ಲಿ ಈ ಕಲಮು ಇಲ್ಲದಿದ್ದರೆ ಮೊದಲು ತಿದ್ದುಪಡಿ ಆಗಬೇಕು. ಸ್ಥಳೀಯ ಬೈಲಾ ತಿದ್ದುಪಡಿಗೆ ಕೇಂದ್ರ ಕಚೇರಿಯ ಒಪ್ಪಿಗೆ ಬೇಕೇ ಎಂದೂ ನೋಡಿ. ಏಪ್ರಿಲ್‌ಗೆ ಇದು ಆಗುವ ಮಾತಲ್ಲ.

ಬದಲಿಗೆ ಒಂದು ಅಭಿನಂದನಾ ಠರಾವು ತನ್ನಿ. ಅದಕ್ಕೆ ಬೈಲಾ ತಿದ್ದಬೇಕಿಲ್ಲ, ಖರ್ಚೂ ಇಲ್ಲ. ಆದರೂ ಫಲಕಕ್ಕಿಂತ ಹೆಚ್ಚು ಬಾಳುತ್ತದೆ ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ಅದು ನಡಾವಳಿ ಪುಸ್ತಕ ಸೇರುತ್ತದೆ. ಮೂವರಿಗೂ ಸೇರಿಸಿ ಒಂದೇ ಠರಾವು ಬೇಡ, ಮೂರು ಬೇರೆ ಬೇರೆ ಇರಲಿ. ಪ್ರತಿಯೊಂದರಲ್ಲೂ ಕಾರಣ ಹೇಳುವ ಸಾಲು ಮೂರಕ್ಕಿಂತ ಹೆಚ್ಚು ಬೇಡ: ಏನು ಕೆಲಸ, ಎಂದಿನಿಂದ, ಯಾರಿಗೆ ಉಪಯೋಗವಾಯಿತು. ಕೊನೆಗೆ “ಈ ಸಭೆ ಕೃತಜ್ಞತೆಯನ್ನು ದಾಖಲಿಸುತ್ತದೆ, ಪ್ರತಿಯನ್ನು ಅವರಿಗೆ ನೀಡಲು ಆದೇಶಿಸುತ್ತದೆ.” ಮಾರ್ಚ್ ಸಭೆಯಲ್ಲಿ ಅಂಗೀಕಾರವಾಗಲಿ, ಏಪ್ರಿಲ್‌ನಲ್ಲಿ ಓದಿ ಕೊಡಿ. ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಶಾಯಿಯಲ್ಲಿ ಸಹಿ ಹಾಕಲಿ, ಲಾಡ್ಜ್‌ನ ಮೊಹರು ಇದ್ದರೆ ಒತ್ತಿ.

600 ಡಾಲರ್ ಖರ್ಚಿಗೂ ಸಭೆಯ ಮಂಜೂರಾತಿ ಬೇಕು. ಸಮಿತಿ ಒಪ್ಪಿದೆ ಎಂದರೆ ಲಾಡ್ಜ್ ಒಪ್ಪಿದೆ ಎಂದಾಗುವುದಿಲ್ಲ. ಮೂವರಲ್ಲಿ ಯಾರಾದರೂ ಪದಾಧಿಕಾರಿ ಆಗಿದ್ದರೆ ಆ ಮತದಾನದಿಂದ ದೂರ ಉಳಿದು, ಹಾಗೆಂದು ನಡಾವಳಿಯಲ್ಲಿ ಬರೆಸಲಿ.

ಹೊಸ_ಕಾರ್ಯದರ್ಶಿ:

ಮೂವರಿಗೂ ಧನ್ಯವಾದ, ಗಿಫ್ಟ್ ಕಾರ್ಡ್ ಮತ್ತು ಪ್ರೀಮಿಯಂ ಎರಡನ್ನೂ ಕೈಬಿಡುವಂತೆ ಸಮಿತಿಗೆ ಹೇಳುತ್ತೇನೆ. ಇನ್ನು ಮೂರು ಪ್ರಶ್ನೆ ಉಳಿದಿವೆ. ಎದೆಗೆ ಸಿಕ್ಕಿಸುವ ಪದಕ ಕೊಡೋಣ ಎಂದು ಒಬ್ಬರು ಹೇಳುತ್ತಾರೆ, ಆದರೆ ಮೂವರಲ್ಲಿ ಒಬ್ಬರಿಗೆ ಪೇಸ್‌ಮೇಕರ್ ಇದೆ. ಇಬ್ಬರದು ಸ್ಲೊವಾಕ್ ಹೆಸರು, ಅಕ್ಷರಗಳ ಮೇಲೆ ಗುರುತುಗಳಿವೆ. ಮನೆ ಭೇಟಿ ಮಾಡುವವರು ವೇದಿಕೆ ಹತ್ತುವುದೇ ಇಲ್ಲ ಎಂದಿದ್ದಾರೆ. ಏನು ಮಾಡಲಿ?

ಫಲಕ_ಪದಕ:

ಪೇಸ್‌ಮೇಕರ್ ಇರುವವರಿಗೆ ಅಯಸ್ಕಾಂತದ ಹಿಂಬದಿ ಇರುವ ಪದಕ, ಹೆಸರು ಪಟ್ಟಿ ಯಾವುದೂ ಬೇಡ. ಎದೆಯೊಳಗೆ ಕೂರಿಸಿದ ಉಪಕರಣಕ್ಕೆ ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಅದು ಕೆಲಸ ಮಾಡುವ ರೀತಿ ಬದಲಾಗಬಹುದು. ಇಂಥ ವಸ್ತುಗಳನ್ನು ಕನಿಷ್ಠ 6 ಇಂಚು ದೂರ ಇಡಬೇಕು ಎನ್ನುವುದು ಸಾಮಾನ್ಯ ಎಚ್ಚರಿಕೆ. ಜೇಬಿನ ಮೇಲೆ ಸಿಕ್ಕಿಸಿದರೆ ಅಷ್ಟು ದೂರ ಎಲ್ಲಿಂದ ಬರಬೇಕು. ಬಟ್ಟೆಗೆ ತೂತಾಗದಿರಲಿ ಎಂದು ಅಂಗಡಿಯವರು ಅಯಸ್ಕಾಂತದ್ದನ್ನೇ ಕಳಿಸಿಬಿಡುತ್ತಾರೆ, ಆದ್ದರಿಂದ ಆರ್ಡರಿನಲ್ಲಿ ‘ಪಿನ್ ಮತ್ತು ಕ್ಲಚ್’ (ಸೂಜಿ ಮತ್ತು ಅದರ ಹಿಂಬದಿಯ ಹಿಡಿಕೆ) ಎಂದು ಸ್ಪಷ್ಟವಾಗಿ ಬರೆಯಿರಿ. ಮೂವರಿಗೂ ಅದನ್ನೇ ತರಿಸಿ. ಒಬ್ಬರಿಗೆ ಮಾತ್ರ ಬೇರೆ ಮಾಡಿದರೆ ಪೊಟ್ಟಣಗಳು ಅದಲುಬದಲಾಗುವ ಭಯ. ಕತ್ತಿಗೆ ರಿಬ್ಬನ್ ಪದಕವೂ ಆಗುತ್ತದೆ. ಸೊಸೈಟಿಯ 25, 50 ವರ್ಷದ ಪಿನ್‌ಗಳು ಸದಸ್ಯತ್ವಕ್ಕೆ ಸಿಗುವಂಥವು. ಸೇವೆಯ ಪಿನ್ ಅದೇ ಆಕಾರ, ಅದೇ ಬಣ್ಣದಲ್ಲಿದ್ದರೆ ಕಂಡವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಸ್ಲೊವಾಕ್ ಹೆಸರುಗಳ ವಿಷಯದಲ್ಲಿ ಸದಸ್ಯತ್ವ ಪಟ್ಟಿಯನ್ನು ನಂಬಬೇಡಿ. ಹಳೆಯ ಕಂಪ್ಯೂಟರ್ ಪಟ್ಟಿಗಳಲ್ಲಿ ಅಕ್ಷರದ ಮೇಲಿನ ಗುರುತುಗಳು ಅಳಿಸಿಹೋಗಿರುತ್ತವೆ. ಆ ಗುರುತು ಹಾಕಿ ಬರೆಯುವ ರೂಢಿ ಅವರಿಗಿದೆಯೇ ಎಂದು ಮೊದಲು ಕೇಳಿ. ಎಷ್ಟೋ ಕುಟುಂಬಗಳು ತಲೆಮಾರುಗಳ ಹಿಂದೆಯೇ ಬಿಟ್ಟಿವೆ. ಬಳಸುತ್ತಾರೆಂದರೆ ಅವರ ಕೈಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿ ಫೋಟೋ ತೆಗೆದುಕೊಳ್ಳಿ. ಕೆತ್ತುವವರಿಗೆ ಆ ಫೋಟೋವನ್ನೂ ಟೈಪ್ ಮಾಡಿದ ಪಠ್ಯವನ್ನೂ ಕಳಿಸಿ. ಅವರ ಅಕ್ಷರಶೈಲಿಯಲ್ಲಿ ಆ ಗುರುತು ಇಲ್ಲದಿದ್ದರೆ ಯಂತ್ರ ಆ ಜಾಗದಲ್ಲಿ ಖಾಲಿ ಚೌಕ ಕೆತ್ತುತ್ತದೆ ಅಥವಾ ಅಕ್ಷರವನ್ನೇ ನುಂಗುತ್ತದೆ. ಹಾಗಾಗಿ ಪ್ರೂಫ್ ಚಿತ್ರ ಕೇಳಿ ಪಡೆಯಿರಿ. ಪ್ರೂಫನ್ನು ಇಬ್ಬರು ನೋಡಬೇಕು. ಒಬ್ಬರು ಆ ಮನೆಯವರಾಗಿರಲಿ. ಇನ್ನೊಬ್ಬರು ಪಠ್ಯವನ್ನು ಕೊನೆಯ ಪದದಿಂದ ಹಿಂದಕ್ಕೆ ಓದಲಿ, ಆಗ ಅರ್ಥದ ಸೆಳೆತಕ್ಕೆ ಕಣ್ಣು ತಪ್ಪುಗಳನ್ನು ಹಾರಿಸಿಕೊಂಡು ಹೋಗುವುದಿಲ್ಲ.

8×10 ಇಂಚಿನ ಫಲಕದಲ್ಲಿ 40–45 ಪದ ಹಿಡಿಸಿದರೆ ಸಾಕು, ಮೀರಿದರೆ ಅಕ್ಷರ ಚಿಕ್ಕದಾಗಿ ವಯಸ್ಸಾದವರಿಗೆ ಓದಲಾಗದು. ಫಲಕದ ಮೇಲೆ ಹೆಸರು, ಕೆಲಸ, ವರ್ಷ, ಲಾಡ್ಜ್ ಸಂಖ್ಯೆ ಇರಲಿ. ವಿಶೇಷಣಗಳನ್ನು ಕಳೆದು ವಿವರ ಹಾಕಿ: “ಅವಿರತ ಸೇವೆಗಾಗಿ” ಎನ್ನುವುದಕ್ಕಿಂತ “2016ರಿಂದ ಪ್ರತಿ ಗುರುವಾರ ಫುಡ್ ಬ್ಯಾಂಕಿಗೆ ಆಹಾರ ತಲುಪಿಸಿದ್ದಕ್ಕಾಗಿ” ಎಂದಿರಲಿ, ಆ ವರ್ಷ, ವಾರ ನಿಮ್ಮ ದಾಖಲೆಯಿಂದ ಬರಬೇಕು. ಅವರು ದಂಪತಿಯಾಗಿ ದುಡಿದಿದ್ದರೆ ಇಬ್ಬರ ಹೆಸರೂ ಪೂರ್ತಿಯಾಗಿ ಬರಲಿ. ಗಂಡನ ಹೆಸರಿನ ಮುಂದೆ ‘ಶ್ರೀ ಮತ್ತು ಶ್ರೀಮತಿ’ ಸೇರಿಸಿ ಮುಗಿಸುವ ಪದ್ಧತಿ ಈ ಸಂಘಗಳಲ್ಲಿ ಇನ್ನೂ ಉಳಿದಿದೆ, ಅಡುಗೆಮನೆಯಲ್ಲಿ 30 ವರ್ಷ ನಿಂತವರ ಹೆಸರು ಅದರೊಳಗೆ ಮಾಯವಾಗುತ್ತದೆ. ಸಮಾರಂಭಕ್ಕೆ ನಾಲ್ಕು ವಾರ ಮೊದಲು ಆರ್ಡರ್ ಕೊಡಿ. ತಪ್ಪಿದ್ದರೆ ಮತ್ತೆ ಮಾಡಿಸಲು ಸಮಯ ಉಳಿಯುತ್ತದೆ. ಸಭಾಂಗಣದ ಗೋಡೆಗೆ ವರ್ಷವರ್ಷವೂ ಹೆಸರು ಸೇರಿಸುವ ದೊಡ್ಡ ಫಲಕ ಹಾಕುವ ಮನಸ್ಸಿದ್ದರೆ, ಖಾಲಿ ಪಟ್ಟಿಗಳನ್ನು ಈಗಲೇ ಹೆಚ್ಚುವರಿಯಾಗಿ ತರಿಸಿಡಿ. ಹತ್ತು ವರ್ಷದ ನಂತರ ಅದೇ ಬಣ್ಣದ ಹಿತ್ತಾಳೆ ಸಿಗುವುದು ಕಷ್ಟ.

ವೇದಿಕೆ ಒಲ್ಲದವರನ್ನು ಬಲವಂತ ಮಾಡಬೇಡಿ, ಅಚ್ಚರಿಯನ್ನಂತೂ ಮಾಡಲೇಬೇಡಿ. ಎಲ್ಲರೆದುರು ನಿಲ್ಲುವುದು ಕೆಲವರಿಗೆ ನಿಜವಾದ ಹಿಂಸೆ. ಅವರನ್ನೇ ಕೇಳಿ, ಮೂರು ಆಯ್ಕೆ ಮುಂದಿಡಿ: ಕೂತಲ್ಲೇ ಠರಾವು ಓದುವುದು, ಅವರು ಬಾರದಿದ್ದರೂ ಓದಿ ನಂತರ ಇಬ್ಬರು ಮನೆಗೆ ಹೋಗಿ ಕೊಡುವುದು, ಅಥವಾ ಸೊಸೈಟಿಯ ಪತ್ರಿಕೆಯಲ್ಲಿ ಬರಹ ಮಾತ್ರ. ಅವರು ಭೇಟಿ ಕೊಡುವ ಹಿರಿಯರಿಂದ ಎರಡೆರಡು ಸಾಲಿನ ಪತ್ರ ಸಂಗ್ರಹಿಸಿ ಒಂದು ಕಟ್ಟು ಮಾಡಿಕೊಟ್ಟರೆ, ಬಹುಶಃ ಅವರಿಗೆ ಬೇರಾವ ಪದಕವೂ ಬೇಡವಾಗುತ್ತದೆ. ಆದರೆ ಆ ಹಿರಿಯರ ಕಾಯಿಲೆ, ಮನೆಯ ಪರಿಸ್ಥಿತಿ ಸಭೆಯಲ್ಲಾಗಲಿ ಪತ್ರಿಕೆಯಲ್ಲಾಗಲಿ ಬರಬಾರದು. “ಹನ್ನೊಂದು ಮನೆಗಳಿಗೆ” ಎಂದರೆ ಸಾಕು, ಯಾರ ಮನೆ ಎಂಬುದು ಬೇಡ. ವಿದ್ಯಾರ್ಥಿವೇತನದ ವಿಷಯದಲ್ಲಿ ಮಕ್ಕಳ ಫೋಟೋ ಹಾಕುವಂತಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ.

ದಿನದ ವ್ಯವಸ್ಥೆ ಚಿಕ್ಕದು: ಮೂವರಿಗೂ ಮೂರುಮೂರು ನಿಮಿಷ, ಊಟ ಬಡಿಸುವ ಮೊದಲು. ಊಟದ ನಂತರ ಇಟ್ಟರೆ ಅರ್ಧ ಸಭಾಂಗಣ ಖಾಲಿ. ಮೆಟ್ಟಿಲಿರುವ ವೇದಿಕೆಗಿಂತ ನೆಲದ ಮೇಲೆ ಮೈಕ್ ಇಡಿ. ಪ್ರಶಸ್ತಿ ಓದುವವರು ಸ್ವಯಂಸೇವಕರ ಕೆಲಸವನ್ನು ಹತ್ತಿರದಿಂದ ಕಂಡವರಾಗಿರಲಿ, ಹೆಸರಿನ ಉಚ್ಚಾರಣೆಯನ್ನು ಮೊದಲೇ ಕೇಳಿ ಕಲಿತಿರಲಿ.

ಹಾಜರಿ_ಪುಸ್ತಕ:

ಹಳೇ_ಕಡತ ಅವರೇ, ನಿಮ್ಮ ಕ್ರಮ ಗಟ್ಟಿಯಾಗಿದೆ, ಆದರೆ ಗಂಟೆಗಳ ಬಗ್ಗೆ ನನ್ನದೊಂದು ತಕರಾರು. ಗಂಟೆಯ ಹಾಳೆ ಇಟ್ಟ ಮೇಲೆ ಅದೇ ಅಳತೆಗೋಲಾಗಿಬಿಡುತ್ತದೆ. ನಿವೃತ್ತರಿಗೆ ವಾರಕ್ಕೆ 15 ಗಂಟೆ ಸಿಗುತ್ತದೆ. ಎರಡು ಪಾಳಿ ದುಡಿಯುವ ತಾಯಿಗೆ ತಿಂಗಳಿಗೆ ನಾಲ್ಕು ಗಂಟೆ ಸಿಕ್ಕರೆ ಹೆಚ್ಚು. 2003ರಲ್ಲಿ ಶುರುವಾದ ರಾಷ್ಟ್ರಾಧ್ಯಕ್ಷರ ಸ್ವಯಂಸೇವಾ ಪ್ರಶಸ್ತಿಯಲ್ಲಿ ವಯಸ್ಕರಿಗೆ ವರ್ಷಕ್ಕೆ 100 ಗಂಟೆಗೆ ಕಂಚು, 250ಕ್ಕೆ ಬೆಳ್ಳಿ, 500ಕ್ಕೆ ಚಿನ್ನ, ಜೀವಮಾನದ ಪ್ರಶಸ್ತಿಗೆ 4,000 ಗಂಟೆ ಎಂಬ ಮೆಟ್ಟಿಲುಗಳಿದ್ದವು. ಮಕ್ಕಳಿಗೆ, ಹದಿಹರೆಯದವರಿಗೆ ಅಲ್ಲಿ ಕಡಿಮೆ ಮಿತಿ ಇತ್ತು, ಅದು ನ್ಯಾಯ. ಆದರೆ ದುಡಿಯುವ ವಯಸ್ಸಿನವರಿಗೂ ನಿವೃತ್ತರಿಗೂ ಒಂದೇ ಗೆರೆ. ನಮ್ಮ ಲಾಡ್ಜ್‌ಗಳು ಹೊಸ ತಲೆಮಾರು ಬರುತ್ತಿಲ್ಲ ಎಂದು ಕೊರಗುತ್ತವೆ, ಗೌರವವನ್ನು ಮಾತ್ರ ನಿವೃತ್ತರಷ್ಟೇ ತಲುಪಬಲ್ಲ ಎತ್ತರದಲ್ಲಿ ನೇತುಹಾಕುತ್ತವೆ.

ಹಳೇ_ಕಡತ:

ಒಪ್ಪಿದೆ. ಅದಕ್ಕೇ ಅಂಕಗಳಲ್ಲಿ ಗಂಟೆಯ ಮೊತ್ತಕ್ಕೆ ನೇರವಾಗಿ ಏನೂ ಇಟ್ಟಿಲ್ಲ, ಸಾತತ್ಯಕ್ಕೆ 30 ಇದೆ. ತಿಂಗಳಿಗೆ ನಾಲ್ಕು ಗಂಟೆಯನ್ನು ಆರು ವರ್ಷ ತಪ್ಪದೆ ಕೊಟ್ಟವರಿಗೆ, ಒಂದೇ ಬೇಸಿಗೆಯಲ್ಲಿ 200 ಗಂಟೆ ಕೊಟ್ಟು ಹೋದವರಿಗಿಂತ ಅಲ್ಲಿ ಹೆಚ್ಚು ಅಂಕ ಬೀಳಬೇಕು. ಇದನ್ನು ಸಮಿತಿಯ ಸೂಚನೆಯಲ್ಲಿ ಬರೆದೇ ಬಿಡಿ, ಇಲ್ಲದಿದ್ದರೆ ಸದಸ್ಯರು ದೊಡ್ಡ ಅಂಕಿಗೆ ಮರುಳಾಗುತ್ತಾರೆ. 35 ವರ್ಷದ ಒಳಗಿನವರಿಗೆ, ಕೆಲಸ ಶುರುಮಾಡಿ ಎರಡು ವರ್ಷದೊಳಗೆ ಇರುವವರಿಗೆ ಒಂದು ಪ್ರತ್ಯೇಕ ಗೌರವ ಇಡುವುದೂ ಒಳ್ಳೆಯದು.

ಹೊಸ_ಕಾರ್ಯದರ್ಶಿ ಅವರಿಗೆ ಇನ್ನೊಂದು ಮಾತು. ಇಷ್ಟೆಲ್ಲ ದಾಖಲೆ ಕೂಡಿದ ಮೇಲೆ ಅದನ್ನು ಲಾಡ್ಜ್‌ನಲ್ಲೇ ನಿಲ್ಲಿಸಬೇಡಿ. ಹಲವು ಸೊಸೈಟಿಗಳೂ ರಾಜ್ಯಮಟ್ಟದ ಫ್ರಟರ್ನಲ್ ಒಕ್ಕೂಟಗಳೂ ‘ವರ್ಷದ ಫ್ರಟರ್ನಲಿಸ್ಟ್’ ಎಂಬ ಪ್ರಶಸ್ತಿ ಕೊಡುತ್ತವೆ. ನಿಮ್ಮ ಒಂದು ಪುಟದ ಅರ್ಜಿ, ಗಂಟೆಗಳ ಹಾಳೆ, ಅಂಗೀಕೃತ ಠರಾವು, ಹೊರಗಿನವರ ಎರಡು ಪತ್ರ ಜೋಡಿಸಿದರೆ ಬಹುಪಾಲು ಅರ್ಜಿ ಸಿದ್ಧ. ಈ ವರ್ಷದ ಕೊನೆಯ ದಿನಾಂಕ ಯಾವುದೆಂದು ಕೇಂದ್ರ ಕಚೇರಿಗೆ ಈಗಲೇ ಫೋನ್ ಮಾಡಿ ಕೇಳಿ. ಕೆಲವು ಕಡೆ ಅದು ನಿಮ್ಮ ಏಪ್ರಿಲ್ ಸಮಾರಂಭಕ್ಕಿಂತ ಮುಂಚೆಯೇ ಬೀಳುತ್ತದೆ. ಮನೆ ಭೇಟಿ ಮಾಡುವವರ ಹೆಸರು ಕಳಿಸುವ ಮುನ್ನ ಮಾತ್ರ ಅವರನ್ನು ಕೇಳಿ. ಲಾಡ್ಜ್‌ನ ವೇದಿಕೆಯೇ ಬೇಡ ಅಂದವರು ರಾಜ್ಯಮಟ್ಟದ್ದನ್ನು ಒಪ್ಪದೆ ಇರಬಹುದು, ಆಗ ಉಳಿದ ಇಬ್ಬರಲ್ಲಿ ಒಬ್ಬರದನ್ನು ಕಳಿಸಿ.